ಬಂಗಲೆ ಯಾರದು?

ಸಹೋದರಿಯರೇ,

ಪತ್ನಿಯನ್ನು ಕಳೆದುಕೊಂಡ ಐವತ್ತೈದರ ಸಿರಿವಂತರೊಬ್ಬರಿಂದ ಮೂವತ್ತರ ಹೆಣ್ಣಿಗೆ ಸಂಬಂಧ ಬಂದರೆ ಮನೆಯವರು ಬಂಗಲೆ, ಅಂಗಡಿ ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಬಂಗಲೆ ಪತಿಯದು. ನಾಳೆ ಅವರು ತೀರಿಕೊಂಡರೆ ಅದರಲ್ಲಿ ನಿಮ್ಮದೆಷ್ಟು?

ಪತಿಗೆ ಮಕ್ಕಳಿದ್ದರೆ, ಅವರು ಮೊದಲ ಪತ್ನಿಯ ಮಕ್ಕಳೇ ಆಗಿರಲಿ, ಪವಿತ್ರ ಕುರ್‌ಆನ್ (4:12) ಪತ್ನಿಗೆ ನಿಗದಿಪಡಿಸಿದ್ದು ಎಂಟನೇ ಒಂದು ಪಾಲು. ಮಕ್ಕಳಿಲ್ಲದಿದ್ದರೆ ನಾಲ್ಕನೇ ಒಂದು ಪಾಲು. "ಮನೆಯನ್ನು ನಿನಗೇ ವಸಿಯ್ಯತ್ ಮಾಡುತ್ತೇನೆ" ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ವಾರೀಸುದಾರರಿಗೆ ಮಾಡಿದ ವಸಿಯ್ಯತ್ ಉಳಿದ ವಾರೀಸುದಾರರು ಒಪ್ಪದೆ ನಡೆಯದು.

ಹಾಗಾದರೆ ದಾರಿ ಯಾವುದು? ಮೊದಲನೆಯದು ಮಹ್ರ್. ಅದು ಹೆಣ್ಣಿನ ಹಕ್ಕು. ಕೇಳಲು ಸಂಕೋಚ ಬೇಡ. ಎಷ್ಟು, ಯಾವಾಗ ಎಂಬುದು ನಿಕಾಹ್‌ನಾಮೆಯಲ್ಲಿ ಬರೆದಿರಲಿ. ಬಾಕಿ ಉಳಿದ ಮಹ್ರ್ ಪತಿಯ ಮೇಲಿನ ಸಾಲ. ಆಸ್ತಿ ಪಾಲಾಗುವ ಮೊದಲೇ ಅದು ತೀರಬೇಕು. ಎರಡನೆಯದು ಹಿಬಾ, ಅಂದರೆ ದಾನ. ಪತಿ ಆರೋಗ್ಯದಿಂದಿರುವಾಗಲೇ ಕೊಟ್ಟು, ನೀವು ಸ್ವೀಕರಿಸಿ, ಸ್ವಾಧೀನಕ್ಕೆ ಪಡೆದರೆ ಮಾತ್ರ ಅದು ಪೂರ್ಣ. ನೋಂದಣಿ ಮಾಡಿಸಿಕೊಂಡರೆ ಮುಂದೆ ತಕರಾರು ಕಡಿಮೆ.

ಮಲಮಕ್ಕಳ ಪಾಲಿಗೆ ಕೈಹಾಕಿ ಎಂದು ಹೇಳುತ್ತಿಲ್ಲ. ಲೆಕ್ಕ ಮೊದಲೇ ಸ್ಪಷ್ಟವಿದ್ದರೆ ಮಯ್ಯತ್ ಹೊರಟ ಮನೆಯಲ್ಲಿ ಜಗಳ ಏಳದು. ಈ ಪುಟವನ್ನು ನಿಮ್ಮ ತಂದೆಗೂ ಅಣ್ಣನಿಗೂ ಓದಿ ಹೇಳಿ. ನಿಕಾಹ್‌ಗೆ ಮುನ್ನ ಕೂತು ಮಾತಾಡಬೇಕಾದವರು ಅವರು.