ಹಳ್ಳದ ಹುಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ನದಿ ನೀರಿನ ಗುಣಮಟ್ಟ ಅಳೆಯಲು ನಮ್ಮ ವ್ಯವಸ್ಥೆ ಮುಖ್ಯವಾಗಿ ನಂಬಿರುವುದು ಬಾಟಲಿಯನ್ನು. ಗೊತ್ತುಪಡಿಸಿದ ಜಾಗದಲ್ಲಿ, ಸಾಮಾನ್ಯವಾಗಿ ತಿಂಗಳಿಗೊಮ್ಮೆ, ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ಪರೀಕ್ಷೆ ಬೇಕೇ ಬೇಕು. ಆದರೆ ಅದಕ್ಕೆ ಗೊತ್ತಾಗುವುದು ಬಾಟಲಿ ಮುಳುಗಿಸಿದ ಗಳಿಗೆಯ ಸಂಗತಿ ಮಾತ್ರ. ಕೊಡಗು, ಚಿಕ್ಕಮಗಳೂರಿನ ಕಾಫಿ ಸೀಮೆಯನ್ನೇ ನೋಡಿ. ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನಡೆಯುವುದು ಮಳೆ ನಿಂತು ಹಳ್ಳಗಳು ಸೊರಗುವ ಕಾಲದಲ್ಲಿ. ಸಂಸ್ಕರಿಸದ ಪಲ್ಪಿಂಗ್ ನೀರು ಹಳ್ಳ ಸೇರಿದರೆ ಅದರ ಸಕ್ಕರೆ, ಲೋಳೆ ಕೊಳೆಯುತ್ತಾ ಆಮ್ಲಜನಕವನ್ನು ತಿಂದುಹಾಕುತ್ತವೆ. ವಾರ ಕಳೆದು ಬರುವ ಬಾಟಲಿಗೆ ಸಿಗುವುದು ಮೇಲಿನಿಂದ ಹರಿದುಬಂದ ಹೊಸ ನೀರು. ಕಲ್ಲಿನಡಿ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆಯುವ ಮೇಫ್ಲೈ ಎಂಬ ಕೀಟದ ಮರಿಗಳು ಮಾತ್ರ ಅಲ್ಲೇ ಇದ್ದು ಎಲ್ಲವನ್ನೂ ಅನುಭವಿಸಿರುತ್ತವೆ. ಅವು ಕಾಣೆಯಾಗಿ, ಮೈಯಲ್ಲಿ ಹಿಮೋಗ್ಲೋಬಿನ್ ಇರುವ ಕೆಂಪು ಕೈರೋನಮಸ್ ಮರಿಗಳೇ ತುಂಬಿಕೊಂಡಿದ್ದರೆ, ಅಲ್ಲಿ ಉಸಿರು ಕಟ್ಟಿದ ದಿನಗಳಿದ್ದವು ಎಂದೇ ಅರ್ಥ. ಹೂಳಿನ ವಿಷಯವೂ ಇಷ್ಟೆ. ಗಣಿಯೋ ರಸ್ತೆ ಕಾಮಗಾರಿಯೋ ಕೆದಕಿದ ಸಣ್ಣ ಮಣ್ಣು ಕಲ್ಲುಗಳ ಸಂದಿಯನ್ನು ಮುಚ್ಚಿದರೆ, ಮೇಲೆ ತಿಳಿನೀರು ಹರಿಯುತ್ತಿದ್ದರೂ ಕೆಳಗಿನ ಸಂಸಾರ ಮುಗಿದಿರುತ್ತದೆ.

ಇಂಗ್ಲೆಂಡಿನ ಕೆನೆಟ್ ನದಿಯಲ್ಲಿ 2013ರ ಬೇಸಿಗೆಯಲ್ಲಿ ಕ್ಲೋರ್‌ಪೈರಿಫಾಸ್ ಕೀಟನಾಶಕ ಸೇರಿದ್ದನ್ನು ಮೊದಲು ಬಯಲು ಮಾಡಿದವರು ಬಲೆ ಹಿಡಿದು ಹುಳು ಎಣಿಸುತ್ತಿದ್ದ ಸ್ವಯಂಸೇವಕರು. ರಾಸಾಯನಿಕದ ಹೆಸರು ಗೊತ್ತಾದದ್ದು ಆಮೇಲೆ. ನಮ್ಮಲ್ಲೂ ಇದು ಹೊಸ ವಿಚಾರವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಜೈವಿಕ ಮಾನದಂಡಗಳನ್ನು ರೂಪಿಸಿಟ್ಟಿದೆ, ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲೇ ಭಾರತದ ಜಲಕೀಟಗಳ ಕೈಪಿಡಿ ತಂದಿದೆ. ಹುಳು ಎಣಿಸುವ ಈ ಕೆಲಸವನ್ನು ಅಲ್ಲೊಂದು ಇಲ್ಲೊಂದು ಸಂಶೋಧನಾ ಯೋಜನೆಗೆ ಬಿಡದೆ, ಮಲೆನಾಡಿನ ಸಣ್ಣ ಹಳ್ಳಗಳಲ್ಲಿ ಪ್ರತಿವರ್ಷ ತಪ್ಪದೆ ಮಾಡಿಸಬೇಕೆಂಬುದು ನನ್ನ ವಾದ.

ಸಿಕ್ಕ ಹುಳುಗಳನ್ನು ನೋಡಿ ನೀರಿಗೆ ಅಂಕ ಕೊಡುವ ವಿದೇಶದ ಪಟ್ಟಿ ಇಲ್ಲಿಗೆ ಹೊಂದದು ಎನ್ನುವವರ ಮಾತಿನಲ್ಲಿ ಹುರುಳಿದೆ. ಅಲ್ಲಿ ಶುಚಿ ನೀರಿನ ಗುರುತೆನಿಸಿದ ಸ್ಟೋನ್‌ಫ್ಲೈ ಕೀಟದ ಬಗೆಗಳೇ ದಕ್ಷಿಣ ಭಾರತದಲ್ಲಿ ಕಡಿಮೆ. ಅವು ಸಿಗಲಿಲ್ಲವೆಂದು ಹಳ್ಳ ಕೆಟ್ಟಿದೆ ಎನ್ನಲಾಗದು. ಮುಂಗಾರಿನ ಪ್ರವಾಹ ಯಾವ ಮಾಲಿನ್ಯವೂ ಇಲ್ಲದೆ ಹುಳುಗಳನ್ನು ಗುಡಿಸಿಹಾಕುತ್ತದೆ. ಹಾಗಾಗಿ ಒಂದೇ ಋತುವಿನಲ್ಲಿ, ತೋಟದ ಮೇಲಿನ ಹಳ್ಳವನ್ನೂ ಕೆಳಗಿನದನ್ನೂ ಹೋಲಿಸಬೇಕು. ಅದಕ್ಕೆ ಇನ್ನಷ್ಟು ಹುಳು ಸಂಗ್ರಹ ಬೇಕೇ ಹೊರತು ಕಡಿಮೆಯಲ್ಲ.

ಇದಕ್ಕಾಗಿ ಹುಳುಗಳನ್ನು ಕೊಲ್ಲುವುದೇಕೆ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಇಲ್ಲಿ ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ಹಳ್ಳದ ಆರೋಗ್ಯ ತಿಳಿಯಲು ಕುಟುಂಬದ ಮಟ್ಟದ ಗುರುತು ಸಾಕಾಗುತ್ತದೆ. ಕಲ್ಲು ಕದಡಿ, ಕೆಳಗಡೆ ಬಲೆ ಒಡ್ಡಿ, ಬಿಳಿ ತಟ್ಟೆಯಲ್ಲಿ ಎಣಿಸಿ, ಬಹುಪಾಲನ್ನು ಜೀವಂತ ಮರಳಿ ಬಿಡಬಹುದು. ಪ್ರಭೇದ ನಿರ್ಧರಿಸಲು ಹಾಗಾಗದು. ಕಿವಿರಿನ ಆಕಾರ, ಬಾಯಿಯ ಭಾಗಗಳನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು, ಮೊಬೈಲ್ ಫೋಟೊದಲ್ಲಿ ಅವು ಕಾಣುವುದಿಲ್ಲ. ನೀರಿನಲ್ಲಿ ಉಳಿದ ಡಿಎನ್‌ಎಯಿಂದಲೇ ಪತ್ತೆ ಮಾಡುವ ತಂತ್ರಕ್ಕೂ, ಹೋಲಿಸಲು, ಮೊದಲೇ ಹಿಡಿದು ಹೆಸರಿಟ್ಟ ಮಾದರಿ ಬೇಕು. ಮೇಫ್ಲೈ ಹೆಣ್ಣೊಂದು ನೂರಾರು, ಕೆಲವು ಬಗೆಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮಾದರಿಯಾಗಿ ಆಲ್ಕೊಹಾಲಿನ ಶೀಸೆಗೆ ಹೋಗುವ ಕೆಲವು ಮರಿಗಳಿಂದ ಆ ಸಂತತಿ ಅಳಿಯುವುದಿಲ್ಲ. ಒಂದೇ ಜಲಪಾತದ ತುಂತುರಿನಲ್ಲಷ್ಟೇ ಇರುವ ಅಪರೂಪದ ಜೀವಿಯ ಮಾತು ಬೇರೆ, ಅಲ್ಲಿ ಬಲೆ ಹಾಕುವುದಕ್ಕೆ ಕಟ್ಟುನಿಟ್ಟಿನ ಮಿತಿ ಇರಬೇಕು.

ಹುಳು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಪತ್ರಕ್ಕಾಗಿ ಅಲೆಯಬೇಕೆಂಬ ದೂರನ್ನು ಸಂಶೋಧಕರು ಹೇಳುತ್ತಲೇ ಇರುತ್ತಾರೆ. ನನಗೆ ಅನುಮತಿಗಿಂತ ಅದರಾಚೆಯ ಷರತ್ತು ಮುಖ್ಯ. ಜಾಗ, ದಿನಾಂಕ, ಎತ್ತರ ಬರೆದ ಚೀಟಿಯಿಲ್ಲದ ಶೀಸೆಯಲ್ಲಿ ಹುಳು ಸತ್ತದ್ದು ವ್ಯರ್ಥ. ಪಿಎಚ್‌ಡಿ ಮುಗಿದ ಮೇಲೆ ಆ ಶೀಸೆಗಳು ಕಪಾಟಿನಲ್ಲೇ ಆಲ್ಕೊಹಾಲು ಆರಿ ಒಣಗುವುದನ್ನು ತಪ್ಪಿಸಬೇಕಾದರೆ, ಅನುಮತಿ ಕೊಡುವಾಗಲೇ ಮಾದರಿಗಳನ್ನು ಯಾವ ಸಾರ್ವಜನಿಕ ಸಂಗ್ರಹಾಲಯಕ್ಕೆ, ಯಾವಾಗ ಒಪ್ಪಿಸುತ್ತೀರಿ ಎಂದು ಬರೆಸಿಕೊಳ್ಳಲಿ.