ಪ್ಲಾನ್ ಒಂದೇ, ಸ್ಪೀಡ್ ಬೇರೆ ಬೇರೆ: ಲ್ಯಾಂಡ್‌ಲೈನ್ ಇಂಟರ್ನೆಟ್‌ನ ಅಸಲಿ ಲೆಕ್ಕ

ಭರಮಸಾಗರ: ಬಿಲ್ಲಿಂಗ್, ಜಿಎಸ್‌ಟಿ ರಿಟರ್ನ್ಸ್, ಸಿಸಿ ಕ್ಯಾಮೆರಾ... ಈಗ ಅಂಗಡಿ ವ್ಯವಹಾರ ಇಂಟರ್ನೆಟ್ ಇಲ್ಲದೆ ನಡೆಯಲ್ಲ. ಆದರೆ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್‌ಗೆ ಒಂದೇ ದುಡ್ಡು ಕಟ್ಟುವ ಇಬ್ಬರಿಗೆ ಒಂದೇ ಸ್ಪೀಡ್ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸ್ಪೀಡ್ ನಿರ್ಧರಿಸೋದು ಪ್ಲಾನ್ ಮಾತ್ರ ಅಲ್ಲ, ತಾಮ್ರದ ತಂತಿ ಕೂಡ.

ಮಾತಿಗೆ ಹಾಕಿದ ತಂತಿ

ಟೆಲಿಫೋನ್ ವ್ಯವಸ್ಥೆ ರೂಪುಗೊಂಡಿದ್ದು ಮಾತಿಗಾಗಿ. ಅದಕ್ಕೆ 300ರಿಂದ 3,400 ಹರ್ಟ್ಸ್‌ವರೆಗಿನ ತರಂಗ ಸಾಕು. ಹಳೇ ಡಯಲ್-ಅಪ್ ಮೋಡೆಮ್ ಈ ಮಿತಿಯೊಳಗೇ ಕೆಲಸ ಮಾಡಬೇಕಿತ್ತು, ಹಾಗಾಗಿ 56 ಕೆಬಿಪಿಎಸ್ ದಾಟಲೇ ಇಲ್ಲ.

2005ರಲ್ಲಿ ಬಿಎಸ್‌ಎನ್‌ಎಲ್ 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್ ಶುರು ಮಾಡಿತು. ತಂತಿ ಅದೇ, ತಂತ್ರಜ್ಞಾನ ಮಾತ್ರ ಎಡಿಎಸ್‌ಎಲ್. ಇದು ಮಾತಿಗಿಂತ ಎಷ್ಟೋ ಮೇಲಿನ ತರಂಗ ಬಳಸುತ್ತೆ. ಅದಕ್ಕೇ ಫೋನ್, ಇಂಟರ್ನೆಟ್ ಎರಡೂ ಒಟ್ಟಿಗೆ ನಡೆಯುತ್ತವೆ.

ದೂರವೇ ಶತ್ರು

ತರಂಗ ಮೇಲೇರಿದಷ್ಟೂ ತಾಮ್ರದಲ್ಲಿ ಬೇಗ ಸೊರಗುತ್ತೆ. ಎಡಿಎಸ್‌ಎಲ್2+ನ ಗರಿಷ್ಠ 24 ಎಂಬಿಪಿಎಸ್ ಸಿಗೋದು ಎಕ್ಸ್‌ಚೇಂಜ್ ಪಕ್ಕದಲ್ಲಿದ್ದವರಿಗೆ. 3 ಕಿ.ಮೀ. ದಾಟಿದರೆ ಅರ್ಧಕ್ಕೂ ಕೆಳಗೆ, 5 ಕಿ.ಮೀ. ಹತ್ತಿರ ಹೋದರೆ ಲೈನ್ ನಿಲ್ಲೋದೇ ಕಷ್ಟ. ನಾಲೆಯ ಕೊನೇ ಜಮೀನಿಗೆ ನೀರು ಮುಟ್ಟೋ ಕಥೆನೇ ಇದು. ಅಂಗಡಿ ಹೆದ್ದಾರಿ 48ರ ಪಕ್ಕದಲ್ಲೇ ಇದ್ದರೂ, ಲೆಕ್ಕಕ್ಕೆ ಬರೋದು ಎಕ್ಸ್‌ಚೇಂಜ್‌ನಿಂದ ತಂತಿ ಸುತ್ತಿ ಬಂದ ದಾರಿ. ತುಕ್ಕು ಹಿಡಿದ ಜಾಯಿಂಟ್, ಮಳೆಗೆ ನೆನೆದ ಕೇಬಲ್ ಇದ್ದರೆ ಇನ್ನೂ ಇಳಿಯುತ್ತೆ. ಫೋನ್‌ನಲ್ಲಿ ಕರಕರ ಸದ್ದು ಬಂದರೆ ಅದೇ ಸುಳಿವು.

ಇನ್ನೊಂದು ವಿಷಯ: ಎಡಿಎಸ್‌ಎಲ್‌ನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ 1 ಎಂಬಿಪಿಎಸ್ ಆಸುಪಾಸು. ಅಂಗಡಿಯ ಕ್ಯಾಮೆರಾವನ್ನು ಮನೆಯಿಂದ ಮೊಬೈಲ್‌ನಲ್ಲಿ ನೋಡುವಾಗ ಚಿತ್ರ ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಇದರಿಂದಲೇ.

ದುಡ್ಡು ಕಟ್ಟುವ ಮುನ್ನ

ಮೋಡೆಮ್‌ನ ಸ್ಟೇಟಸ್ ಪುಟದಲ್ಲಿ ಲೈನ್ ಸ್ಪೀಡ್ ಕಾಣುತ್ತೆ. ಅಲ್ಲಿ 4 ಎಂಬಿಪಿಎಸ್ ಇದ್ದರೆ 10ರ ಪ್ಲಾನ್‌ಗೆ ಕಟ್ಟೋ ಹೆಚ್ಚುವರಿ ದುಡ್ಡು ದಂಡ. ಮೊದಲು ಲೈನ್ ರಿಪೇರಿ ಕೇಳಬೇಕು. ಜಾಹೀರಾತಿನ ‘ವರೆಗೆ’ ಅನ್ನೋ ಪದವನ್ನೂ ಗಮನಿಸಬೇಕು. 2023ರ ಕೇಂದ್ರದ ವ್ಯಾಖ್ಯೆ ಪ್ರಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಬೇಕು. ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಲು ಅದೇ ಆಧಾರ.

ಶಾಶ್ವತ ಪರಿಹಾರ ಫೈಬರ್. ಗಾಜಿನ ಎಳೆಯಲ್ಲಿ ಊರೊಳಗಿನ ಐದಾರು ಕಿ.ಮೀ. ದೂರ ಲೆಕ್ಕಕ್ಕೇ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ, ಈಗ ಭಾರತ್‌ನೆಟ್ ಎನ್ನುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಆದರೆ ಪಂಚಾಯಿತಿ ಬಾಗಿಲಿಗೆ ಬಂದ ಫೈಬರ್ ಅಂಗಡಿ ಬಾಗಿಲಿಗೂ ಬರದಿದ್ದರೆ, ಕೊನೇ ದಾರಿಗೆ ಮತ್ತೆ ತಾಮ್ರವೇ ಗತಿ. ವರ್ತಕರು ಒಟ್ಟಾಗಿ ಕೇಳಬೇಕಿರೋದು ಈ ಕೊನೇ ಎಳೆಯನ್ನೇ.