ಶೆಡ್ಡಿನಿಂದ ಬೇಸ್‌ಮೆಂಟಿಗೆ

ಹಳೇ ಬ್ರಿಟಿಷ್ ಕಾರುಗಳನ್ನು ಸಾಯಿಸುತ್ತಿರುವವರು ಗುಜರಿಯವರಲ್ಲ ಸ್ವಾಮಿ, ನಾವು. ಐಟಿ ಸಂಬಳ, ಯೂಟ್ಯೂಬ್ ಜ್ಞಾನ, ವಾರಕ್ಕೆರಡು ದಿನ ರಜೆ ಇಟ್ಟುಕೊಂಡು ‘ಕಾರು ಉಳಿಸ್ತೀವಿ’ ಅಂತ ಹೊರಡ್ತೀವಲ್ಲ, ನಾವು. ಬೈಯೋ ಮುಂಚೆ ಪೂರ್ತಿ ಓದಿ. ಈ ಪಾಪಿಗಳ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

ಆರು ವರ್ಷದ ಹಿಂದೆ ಮೈಸೂರಿನ ಹಳೇ ಮನೆಯೊಂದರ ಶೆಡ್ಡಿನಲ್ಲಿ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡೆ. ಮೇಲೆ ತೆಂಗಿನ ಗರಿ, ಒಳಗೆ ಇಲಿ ಸಂಸಾರ. ಯಜಮಾನರು ತೀರಿಹೋಗಿದ್ದರು. ಅವರ ಮನೆಯವರು, ಎಪ್ಪತ್ತು ದಾಟಿದ ಅಜ್ಜಿ, ‘ಇದರಲ್ಲೇ ಧರ್ಮಸ್ಥಳಕ್ಕೆ ಹೋಗಿ ಬರ್ತಿದ್ವಪ್ಪ, ಚೆನ್ನಾಗಿ ನೋಡ್ಕೋ’ ಅಂದರು. ‘ಒಂದೇ ವರ್ಷ ಅಜ್ಜಿ, ಓಡಿಸಿಕೊಂಡೇ ಬಂದು ತೋರಿಸ್ತೀನಿ’ ಅಂದೆ. ಇವತ್ತು ಆ ಕಾರು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹನ್ನೊಂದು ರಟ್ಟಿನ ಡಬ್ಬಗಳಲ್ಲಿದೆ.

ಹೆರಾಲ್ಡ್ ಅಂದರೆ 1959ರಲ್ಲಿ ಬ್ರಿಟನ್ನಿನಲ್ಲಿ ಟ್ರಯಂಫ್ ಹೆಸರಲ್ಲಿ ಬಂದು, 1961ರಿಂದ ಮದರಾಸಿನಲ್ಲಿ ತಯಾರಾದ ಕಾರು. ಕೆಳಗೆ ಬೇರೆ ಚಾಸಿ, ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಬಿಚ್ಚೋದು ಬಲು ಸುಲಭ. ಅದೇ ಮೋಸ! ಒಂದು ಭಾನುವಾರ ಬಿಚ್ಚಿ ಫೋಟೋ ಹಾಕಿದೆ, ಲೈಕುಗಳ ಸುರಿಮಳೆ. ಜೋಡಿಸುವಾಗ ಯಾವ ಬೋಲ್ಟ್ ಎಲ್ಲಿಯದು ಅಂತ ಲೈಕ್ ಕೊಟ್ಟ ಒಬ್ಬನೂ ಬಂದು ಹೇಳಲಿಲ್ಲ. ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು, ನಾನು ಹಾಕಿದ್ದು ಮಿಲಿಮೀಟರ್ ಸ್ಪ್ಯಾನರ್. ಅರ್ಧಕ್ಕರ್ಧ ತಲೆ ಸವೆಸಿಟ್ಟೆ.

‘ನಾವು ತಗೊಳ್ಳದಿದ್ದರೆ ಗುಜರಿಗೆ ಹೋಗ್ತಿತ್ತಲ್ವಾ?’ ಅನ್ನೋದು ನಮ್ಮೆಲ್ಲರ ದೊಡ್ಡ ಸಮಾಧಾನ. ಶುದ್ಧ ಸುಳ್ಳು. ಹೆರಾಲ್ಡಿನ ಎಂಜಿನ್, ಸಸ್ಪೆನ್ಷನ್ ಭಾಗಗಳು ಇವತ್ತಿಗೂ ಬ್ರಿಟನ್ನಿನಿಂದ ತರಿಸಬಹುದು. ಆದರೆ ನಾಲ್ಕು ಬಾಗಿಲಿನ ಹೆರಾಲ್ಡ್ ಅಲ್ಲಿ ತಯಾರಾಗಲೇ ಇಲ್ಲ. ಅದು ಇಲ್ಲಿಯದು ಮಾತ್ರ. ಅದರ ಹಿಂದಿನ ಬಾಗಿಲು ಬೇಕೆಂದರೆ ಇಲ್ಲೇ ಇನ್ನೊಂದು ಕಾರಿನಿಂದ ಸಿಗಬೇಕು. ಗುಜರಿಯವನಾದರೆ ಆ ಬಾಗಿಲು ಬಿಚ್ಚಿ ಬೇಕಾದವರಿಗೆ ಮಾರುತ್ತಿದ್ದ. ನಾನು ಆರು ವರ್ಷ ಬೀಗ ಹಾಕಿ ಇಟ್ಟುಕೊಂಡಿದ್ದೀನಿ. ಯಾರು ಉಪಕಾರಿ, ನೀವೇ ಹೇಳಿ.

ಕೊಳ್ಳುವಾಗ ನಾವು ನೋಡೋದೆಲ್ಲ ತಲೆಕೆಳಗು. ಬಾನೆಟ್ ಎತ್ತಿ ಎಂಜಿನ್ ನೋಡ್ತೀವಿ. ಎಂಜಿನ್ ರಿಪೇರಿ ಆಗುತ್ತೆ ಸ್ವಾಮಿ, ತುಕ್ಕು ತಿಂದ ತಗಡೇ ನಿಮ್ಮ ಮನೆ ಹಾಳು ಮಾಡೋದು. ಮಾರಿಸ್ ಮೈನರ್‌ಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ ತುಕ್ಕು ಹಿಡಿದಿದ್ದರೆ ಮೇಲಿನ ಹೊಳೆಯುವ ಬಣ್ಣ ಬರೀ ಶೃಂಗಾರ. ಜೇಬಲ್ಲೊಂದು ಅಯಸ್ಕಾಂತ ಇಟ್ಕೊಂಡು ಹೋಗಿ. ಅಂಟದ ಕಡೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಚಾಪೆ ಎತ್ತಿ, ನೆಲಕ್ಕೆ ಮಲಗಿ, ಅಡಿ ನೋಡಿ. ಬಟ್ಟೆ ಕೊಳೆಯಾಗುತ್ತೆ ಅನ್ನೋರು ಈ ಹವ್ಯಾಸಕ್ಕೆ ಬರಬೇಡಿ.

ಆಮೇಲೆ ಕಾಗದ. ಬ್ರಿಟನ್ನಿನವರು ‘ವಿಂಟೇಜ್’ ಅನ್ನೋದು 1919ರಿಂದ 1930ರವರೆಗಿನ ಕಾರುಗಳಿಗೆ. ನಮ್ಮ 2021ರ ನಿಯಮದಲ್ಲಿ 50 ವರ್ಷ ದಾಟಿದ್ದರೆ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ, 10 ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಎಂಜಿನ್ ಹೆಚ್ಚೇನೂ ಬದಲಾಗಿರಬಾರದು, ದಿನಾ ಓಡಿಸೋ ಹಾಗೂ ಇಲ್ಲ. ಅಂದರೆ ‘ಮಾರುತಿ ಎಂಜಿನ್ ಕೂರಿಸೋಣ ಬಿಡಿ ಸಾರ್’ ಅನ್ನುವ ಮೆಕ್ಯಾನಿಕ್ ನಿಮ್ಮ ನೋಂದಣಿಗೇ ಕಲ್ಲು ಹಾಕ್ತಿದ್ದಾನೆ. ಯಜಮಾನರು ತೀರಿಹೋಗಿದ್ದರೆ ಆರ್‌ಸಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಚಾಸಿ ನಂಬರನ್ನು ಆರ್‌ಸಿ ಜೊತೆ ಕಣ್ಣಾರೆ ಹೋಲಿಸದೆ ಅಡ್ವಾನ್ಸ್ ಕೊಡಬೇಡಿ.

ಇಷ್ಟೆಲ್ಲ ಆದ ಮೇಲೂ ಆಸೆ ಇದ್ದರೆ, ಓಡುವ ಕಾರನ್ನೇ ಕೊಳ್ಳಿ. ದುಬಾರಿ ಅನ್ಸುತ್ತೆ. ಆದರೆ ಸಾಮಾನ್ಯ ಮಾಡೆಲ್ಲುಗಳಲ್ಲಿ ಪಾಳುಬಿದ್ದ ಕಾರನ್ನು ಎದ್ದು ನಿಲ್ಲಿಸುವ ಖರ್ಚು ಒಳ್ಳೆಯ ಕಾರಿನ ಬೆಲೆಯನ್ನೇ ಮೀರುತ್ತೆ. ಅನುಭವಸ್ಥರು ಓಡಿಸುತ್ತಲೇ ಸರಿಮಾಡ್ತಾರೆ: ಈ ತಿಂಗಳು ಬ್ರೇಕು, ಮುಂದಿನ ತಿಂಗಳು ವೈರಿಂಗು. ಒಂದು ಸರಿಹೋಗುವ ತನಕ ಇನ್ನೊಂದನ್ನು ಬಿಚ್ಚಲ್ಲ. ಇದರಲ್ಲಿ ಫೋಟೋಗೆ ಅಂಥದ್ದೇನೂ ಸಿಗಲ್ಲ, ಕಾರು ಮಾತ್ರ ಸಿಗುತ್ತೆ.

ಈಗಾಗಲೇ ಬಿಚ್ಚಿಟ್ಟುಕೊಂಡವರೇ, ನಿಮಗೊಂದು ಮಾತು. ಎರಡು ವರ್ಷದಿಂದ ಸ್ಪ್ಯಾನರ್ ಮುಟ್ಟಿಲ್ಲ ಅಂದರೆ ನೀವು ರಿಸ್ಟೋರ್ ಮಾಡ್ತಿಲ್ಲ, ಹೆಣ ಕಾಯ್ತಿದ್ದೀರಿ. ಕೊಟ್ಟುಬಿಡಿ. ನಷ್ಟಕ್ಕಾದರೂ ಕೊಡಿ, ಆದರೆ ಎಲ್ಲ ಡಬ್ಬ, ಎಲ್ಲ ಕಾಗದ ಸೇರಿಸಿ ಒಬ್ಬರಿಗೇ ಕೊಡಿ.

ಹೋದ ಯುಗಾದಿಗೆ ಅಜ್ಜಿ ಫೋನ್ ಮಾಡಿ ‘ಕಾರು ಹೆಂಗಿದೆಯಪ್ಪ?’ ಅಂದರು. ‘ಕೆಲಸ ನಡೀತಿದೆ ಅಜ್ಜಿ’ ಅಂದೆ. ಆ ಸುಳ್ಳು ಇನ್ನೊಮ್ಮೆ ಹೇಳೋಕೆ ನನ್ನ ಕೈಲಾಗಲ್ಲ. ಈ ವಾರ ಡಬ್ಬಗಳಿಗೆ ಚೀಟಿ ಅಂಟಿಸ್ತಿದ್ದೀನಿ. ಸ್ವಂತ ಹೆರಾಲ್ಡ್ ಓಡಿಸುವ ಮೆಕ್ಯಾನಿಕ್ ಒಬ್ಬರು ಬಂದು ಒಯ್ಯಲಿದ್ದಾರೆ. ನಾನು ಕೇಳಿದ್ದು ಒಂದೇ: ಸ್ಟಾರ್ಟ್ ಆದ ದಿನ ಮೊದಲು ಮೈಸೂರಿಗೆ ತಗೊಂಡು ಹೋಗಿ.